ಎದೆಯಲ್ಲಿ ನೀರು ತುಂಬಿದರೆ ಎಲ್ಲವೂ ಕ್ಷಯವಲ್ಲ: ಶೀಟಿನ ಧೂಳು ತರುವ ಅಪರೂಪದ ಕ್ಯಾನ್ಸರ್

ಮಳೆಗಾಲ ಹತ್ತಿರ ಬಂದರೆ ನಮ್ಮ ಮನೆಗಳಲ್ಲಿ ಒಂದು ಕೆಲಸ ಇದ್ದೇ ಇರುತ್ತದೆ. ಸಿಟೌಟಿನ ಮೇಲೋ, ಹಿಂದಿನ ಕೊಟ್ಟಿಗೆಯ ಮೇಲೋ, ಬಚ್ಚಲಿನ ಮೇಲೋ ಹಾಕಿದ ಸಿಮೆಂಟ್ ಶೀಟಿಗೆ ಪಾಚಿ ಹಿಡಿದಿರುತ್ತದೆ. ಯಾರಾದರೂ ಒಬ್ಬರು ಮೇಲೆ ಹತ್ತಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ. ತೆಂಗಿನಕಾಯಿ ಬಿದ್ದು ಒಡೆದ ಶೀಟನ್ನು ತೆಗೆದು ಹೊಸದನ್ನು ಹಾಕುವಾಗ ಮೆಷಿನ್ನಿನಲ್ಲಿ ಕೊಯ್ಯುತ್ತಾರೆ, ಡ್ರಿಲ್ ಹಾಕಿ ತೂತು ಮಾಡುತ್ತಾರೆ. ಬಿಳಿ ಧೂಳು ಏಳುತ್ತದೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಸಂಜೆ ಉಮ್ಮ ಆ ಧೂಳನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಾರೆ. "ಅದಕ್ಕೇನಾಗ್ತದೆ, ಸಿಮೆಂಟಲ್ವಾ?" ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಉತ್ತರವಿಲ್ಲ.

ಆ ಶೀಟಿನಲ್ಲಿ ಬರೀ ಸಿಮೆಂಟ್ ಇರುವುದಿಲ್ಲ. ಸಿಮೆಂಟನ್ನು ಗಟ್ಟಿಯಾಗಿ ಹಿಡಿದಿಡಲು ಸೇರಿಸಿದ ಆಸ್ಬೆಸ್ಟಾಸ್ ಎಂಬ ಕಲ್ಲುನಾರೂ ಅದರಲ್ಲಿರುತ್ತದೆ. ಸಾಧಾರಣವಾಗಿ ನೂರರಲ್ಲಿ ಎಂಟರಿಂದ ಹತ್ತು ಭಾಗ. ಈ ನಾರಿನ ಧೂಳಿಗೂ, ಮೀಸೊಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರಿಗೂ ನೇರ ಸಂಬಂಧ ಇದೆ. ಹೆಸರು ಹೇಳಲು ಕಷ್ಟ, ಕೇಳಿದವರೂ ಕಡಿಮೆ. ಆದರೆ ಇದು ಬರುವ ದಾರಿಗಳನ್ನು ನೋಡಿದರೆ ನಮ್ಮ ಮನೆಗಳು ಈ ಹೆಸರನ್ನು ತಿಳಿದಿರಬೇಕು ಎಂದು ಅನಿಸುತ್ತದೆ. ಗಲ್ಫಿನಲ್ಲಿ ದುಡಿದವರು, ಗುಜರಿ ಅಂಗಡಿಯವರು, ಗ್ಯಾರೇಜಿನವರು, ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡಿದವರು, ಅವರ ಬಟ್ಟೆ ಒಗೆದ ಹೆಂಗಸರು, ಇವರೆಲ್ಲ ನಮ್ಮ ಮನೆಗಳಲ್ಲೇ ಇದ್ದಾರೆ.

ಏನಿದು ಸೀಕು?

ನಮ್ಮ ಶ್ವಾಸಕೋಶದ ಸುತ್ತ ತೆಳುವಾದ ಒಂದು ಪೊರೆ ಇದೆ. ವೈದ್ಯರು ಅದನ್ನು ಪ್ಲೂರಾ ಎನ್ನುತ್ತಾರೆ. ಉಸಿರು ಎಳೆದಾಗ, ಬಿಟ್ಟಾಗ ಶ್ವಾಸಕೋಶ ಎದೆಗೂಡಿನ ಒಳಗೆ ನುಣ್ಣಗೆ ಜಾರಿಕೊಂಡು ಹೋಗಲು ಈ ಪೊರೆ ಬೇಕು. ಮೀಸೊಥೆಲಿಯೋಮಾ ಹುಟ್ಟುವುದು ಈ ಪೊರೆಯಲ್ಲಿ. ಹಾಗಾಗಿ ಜನರು ಇದನ್ನು ಶ್ವಾಸಕೋಶದ ಕ್ಯಾನ್ಸರ್ ಎಂದೇ ಕರೆದರೂ, ಲೆಕ್ಕದಲ್ಲಿ ಇದು ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್. ಅಪರೂಪಕ್ಕೆ ಹೊಟ್ಟೆಯ ಒಳಪೊರೆಯಲ್ಲೂ ಬರುತ್ತದೆ.

ಎಷ್ಟು ಅಪರೂಪ? 2022ರ ಜಾಗತಿಕ ಲೆಕ್ಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 25 ಲಕ್ಷ ಜನ. ಮೀಸೊಥೆಲಿಯೋಮಾ ಬಂದವರು ಸುಮಾರು 30 ಸಾವಿರ. ಅಂದರೆ ಎಂಬತ್ತಕ್ಕೆ ಒಂದರ ಹತ್ತಿರ. ಹಾಗಾಗಿ ಎದೆನೋವು ಬಂದ ಕೂಡಲೇ ಇದೇ ಎಂದು ಹೆದರಬೇಕಾಗಿಲ್ಲ. ಆದರೆ ಅಪರೂಪ ಎಂಬ ಕಾರಣಕ್ಕೇ ಇದು ವೈದ್ಯರ ತಲೆಗೂ ತಟ್ಟನೆ ಬರುವುದಿಲ್ಲ. ಕಷ್ಟ ಇರುವುದು ಅಲ್ಲಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬೀಡಿ, ಸಿಗರೇಟು ಸೇದುವುದರಿಂದ ಮೀಸೊಥೆಲಿಯೋಮಾ ಬರುವುದಿಲ್ಲ. ಜೀವನದಲ್ಲಿ ಒಂದು ದಮ್ಮು ಎಳೆಯದವರಿಗೂ ಬರುತ್ತದೆ. ಆದರೆ ಆಸ್ಬೆಸ್ಟಾಸ್ ಧೂಳು ಕುಡಿದವರು ಬೀಡಿಯನ್ನೂ ಸೇದಿದರೆ ಸಾಮಾನ್ಯ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಧೂಳಿನ ಕೆಲಸದಲ್ಲಿ ಇದ್ದವರು ಬೀಡಿ ಬಿಡಲು ಇದೊಂದೇ ಕಾರಣ ಸಾಕು.

ಇವತ್ತಿನ ಧೂಳು, ಮೂವತ್ತು ವರ್ಷದ ನಂತರ

ಆಸ್ಬೆಸ್ಟಾಸ್ ನೆಲದಿಂದ ತೆಗೆಯುವ ಕಲ್ಲು. ನಮ್ಮ ರಾಜ್ಯದಲ್ಲೂ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆ ಅದರ ನಿಕ್ಷೇಪ ಇದೆ. ಹೆಸರಿಗೆ ಕಲ್ಲಾದರೂ ಹತ್ತಿಯ ಹಾಗೆ ಎಳೆಎಳೆಯಾಗಿ ಬಿಡಿಸಬಹುದು. ಬೆಂಕಿ ಹಿಡಿಯುವುದಿಲ್ಲ, ಕೊಳೆಯುವುದಿಲ್ಲ, ಅಗ್ಗ. ಅದಕ್ಕೇ ಒಂದು ಕಾಲದಲ್ಲಿ ಅದನ್ನು ಬಳಸದ ಜಾಗವೇ ಇರಲಿಲ್ಲ. ಬಾಯ್ಲರಿಗೆ ಸುತ್ತುವ ಹೊದಿಕೆ, ಹಡಗಿನ ಪೈಪು, ಲಾರಿಯ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಇಂಜಿನಿನ ಗ್ಯಾಸ್ಕೆಟ್, ನೀರಿನ ಕೊಳವೆ, ಮನೆಯ ಶೀಟು.

ಎಳೆಗಳು ಒಡೆದು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆ. ಉಸಿರಿನ ಜೊತೆ ಒಳಗೆ ಹೋದರೆ ದೇಹಕ್ಕೆ ಅವನ್ನು ಕರಗಿಸಲೂ ಆಗುವುದಿಲ್ಲ, ಪೂರ್ತಿ ಹೊರಗೆ ಹಾಕಲೂ ಆಗುವುದಿಲ್ಲ. ಕೆಲವು ಎಳೆಗಳು ಪೊರೆಯ ತನಕ ಹೋಗಿ ಅಲ್ಲೇ ಕೂರುತ್ತವೆ. ದೇಹ ಅವುಗಳ ಜೊತೆ ವರ್ಷಗಟ್ಟಲೆ ಗುದ್ದಾಡುತ್ತದೆ. ಉರಿಯೂತ ನಿಲ್ಲುವುದಿಲ್ಲ. ಕೊನೆಗೆ ಕೆಲವರಲ್ಲಿ ಜೀವಕೋಶ ಕೆಟ್ಟು ಕ್ಯಾನ್ಸರ್ ಆಗುತ್ತದೆ. ಧೂಳು ಕುಡಿದದ್ದಕ್ಕೂ ರೋಗ ಕಾಣುವುದಕ್ಕೂ ನಡುವೆ 20ರಿಂದ 50 ವರ್ಷ. ಹೆಚ್ಚಾಗಿ ಮೂವತ್ತು ನಲವತ್ತು ವರ್ಷ.

ಇದರ ಅರ್ಥ ಏನು? 1985ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಪಾಸ್‌ಪೋರ್ಟ್ ಮಾಡಿಸಿ ಹೋಗಿ, ಯಾವುದೋ ರಿಫೈನರಿಯಲ್ಲಿ ಪೈಪಿನ ಹೊದಿಕೆ ಬಿಚ್ಚುವ ಕೆಲಸ ಮಾಡಿದವರಿಗೆ ಈಗ ಅರವತ್ತು ದಾಟಿದೆ. ಅವರು ಊರಿಗೆ ಬಂದು, ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿಸಿ, ಅಂಗಡಿಯಲ್ಲಿ ಕೂತು ಎಷ್ಟೋ ವರ್ಷವಾಯಿತು. ಈಗ ಉಬ್ಬಸ ಬಂದರೆ ಆ ಹಳೇ ಕೆಲಸವನ್ನು ನೆನಪಿಸಿಕೊಳ್ಳುವವರು ಯಾರು? ವೈದ್ಯರು "ಏನು ಕೆಲಸ?" ಎಂದು ಕೇಳಿದರೆ "ಅಂಗಡಿ" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಆ ಉತ್ತರದಿಂದ ರೋಗದ ಸುಳಿವು ತಪ್ಪಿಹೋಗುತ್ತದೆ.

ಬಟ್ಟೆ ಒಗೆದವರಿಗೂ ಬಂತು

ಈ ಸಂಬಂಧ ಗೊತ್ತಾದದ್ದು 1960ರಲ್ಲಿ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ವಾಯುವ್ಯ ಭಾಗದಲ್ಲಿ ನೀಲಿ ಆಸ್ಬೆಸ್ಟಾಸ್ ಗಣಿಗಳಿದ್ದವು. ಅಲ್ಲಿ ಎದೆಯಲ್ಲಿ ನೀರು ತುಂಬಿದವರನ್ನು ಕ್ಷಯ ಎಂದು ಆಸ್ಪತ್ರೆಗೆ ಸೇರಿಸುತ್ತಿದ್ದರು. ಕ್ಷಯದ ಔಷಧಿಗೆ ಬಗ್ಗದ ಕೆಲವರಲ್ಲಿ ಬೇರೆಯೇ ಗಡ್ಡೆ ಕಂಡಿತು. ವ್ಯಾಗ್ನರ್ ಎಂಬ ವೈದ್ಯರು ಇಬ್ಬರು ಸಹೋದ್ಯೋಗಿಗಳ ಜೊತೆ ಅಂಥ 33 ಜನರ ವಿವರ ಪ್ರಕಟಿಸಿದರು. ಅವರೆಲ್ಲ ಗಣಿ ಕೆಲಸಗಾರರಾಗಿರಲಿಲ್ಲ. ಗಣಿಯ ಊರಲ್ಲಿ ಬಾಲ್ಯ ಕಳೆದು ಆಮೇಲೆ ದೂರ ಹೋದವರು, ಮನೆವಾರ್ತೆ ನೋಡಿಕೊಂಡಿದ್ದ ಹೆಂಗಸರು ಕೂಡ ಅದರಲ್ಲಿದ್ದರು.

1965ರಲ್ಲಿ ಲಂಡನ್ನಿನಲ್ಲಿ ನ್ಯೂಹೌಸ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಮೀಸೊಥೆಲಿಯೋಮಾ ಬಂದ 76 ಜನರ ಬದುಕಿನ ವಿವರಗಳನ್ನು ಕಲೆಹಾಕಿದರು. ಏನು ಕೆಲಸ ಮಾಡಿದ್ದರು, ಎಲ್ಲಿ ಮನೆ ಇತ್ತು, ಮನೆಯಲ್ಲಿ ಯಾರು ಎಲ್ಲಿ ದುಡಿಯುತ್ತಿದ್ದರು ಎಂದೆಲ್ಲ ವಿಚಾರಿಸಿದರು. ಕಾರ್ಖಾನೆಯಲ್ಲಿ ದುಡಿದವರಲ್ಲದೆ, ಸ್ವತಃ ಅಲ್ಲಿಗೆ ಕಾಲಿಡದ ಕೆಲವರೂ ಸಿಕ್ಕಿದರು. ಗಂಡನ ಧೂಳು ಹಿಡಿದ ಕೆಲಸದ ಬಟ್ಟೆಯನ್ನು ಕೊಡವಿ ಒಗೆದ ಹೆಂಡಂದಿರು ಅವರಲ್ಲಿದ್ದರು. ಕಾರ್ಖಾನೆಯಿಂದ ಅರ್ಧ ಮೈಲಿಯ ಒಳಗೆ ಮನೆ ಇದ್ದವರೂ ಇದ್ದರು.

ನಮ್ಮ ಮನೆಗಳ ಹೆಂಗಸರು ಇದನ್ನು ವಿಶೇಷವಾಗಿ ಓದಬೇಕು. ಗ್ಯಾರೇಜಿನಿಂದ ಬಂದ ಮಗನ ಅಂಗಿ, ಶೀಟಿನ ಕೆಲಸ ಮಾಡಿ ಬಂದ ಗಂಡನ ಲುಂಗಿ, ಇವನ್ನು ಅಂಗಳದಲ್ಲಿ ಪಟಪಟ ಕೊಡವುವುದು ನಮಗೆ ರೂಢಿ. ಕೊಡವಬಾರದು. ಒಣ ಬಟ್ಟೆಯನ್ನು ಹಾಗೇ ನೀರಿಗೆ ಮುಳುಗಿಸಿ, ಮಕ್ಕಳ ಬಟ್ಟೆಯಿಂದ ಬೇರೆಯಾಗಿ ಒಗೆಯಬೇಕು.

ತುರ್ಕಿಯ ಮೂರು ಹಳ್ಳಿಗಳು

ತುರ್ಕಿಯ ಕಪ್ಪಡೋಕಿಯಾ ಎಂಬ ಪ್ರದೇಶವನ್ನು ಈಗ ಬಲೂನಿನ ಫೋಟೋದಲ್ಲಿ ಎಲ್ಲರೂ ನೋಡಿದ್ದಾರೆ. ಅಲ್ಲಿ ಕರಾಯಿನ್, ತುಜ್‌ಕೊಯ್, ಸರಿಹಿದಿರ್ ಎಂಬ ಹಳ್ಳಿಗಳಿವೆ. 1970ರ ದಶಕದಲ್ಲಿ ಅಂಕಾರಾದ ವೈದ್ಯ ಇಜ್ಜೆತ್ತಿನ್ ಬಾರಿಶ್ ಅವರ ಹತ್ತಿರ ಕರಾಯಿನ್‌ನಿಂದ ಒಬ್ಬರ ಹಿಂದೆ ಒಬ್ಬರಂತೆ ಎದೆಯ ರೋಗಿಗಳು ಬರತೊಡಗಿದರು. ಎಲ್ಲರಿಗೂ ಮೀಸೊಥೆಲಿಯೋಮಾ. ಅಲ್ಲಿ ಕಾರ್ಖಾನೆ ಇರಲಿಲ್ಲ, ಆಸ್ಬೆಸ್ಟಾಸ್ ಗಣಿಯೂ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಎರಿಯೊನೈಟ್ ಎಂಬ ಇನ್ನೊಂದು ನಾರಿನಂಥ ಖನಿಜ. ಮನೆ ಕಟ್ಟಲು ಬಳಸುತ್ತಿದ್ದ ಮೆತ್ತನೆಯ ಕಲ್ಲಿನಲ್ಲೇ ಅದು ಇತ್ತು. ಗೋಡೆ ಉದುರಿದಾಗ, ಬೀದಿ ಗುಡಿಸಿದಾಗ ಅದರ ಧೂಳು ಏಳುತ್ತಿತ್ತು. ಆ ಹಳ್ಳಿಗಳಲ್ಲಿ ಆದ ಸಾವುಗಳಲ್ಲಿ ಅರ್ಧದ ಹತ್ತಿರ ಈ ಒಂದೇ ರೋಗದಿಂದ ಎಂಬುದು ಅಧ್ಯಯನಗಳಲ್ಲಿ ಕಂಡಿತು. ಊರವರು ಅದನ್ನು ಹಣೆಬರಹ ಎಂದುಕೊಂಡಿದ್ದರು.

ಕರಾಯಿನ್‌ನ ಹಲವರು ದುಡಿಯಲು ಸ್ವೀಡನ್ನಿಗೆ ವಲಸೆ ಹೋಗಿದ್ದರು. ಅವರಲ್ಲೂ ಈ ರೋಗ ಕಂಡಿತು. ಊರು ಬಿಟ್ಟರೂ ಎದೆಯೊಳಗಿನ ಎಳೆ ಬಿಡಲಿಲ್ಲ. ಗಲ್ಫಿಗೆ ಹೋಗಿ ಬಂದ, ಮುಂಬೈಗೆ ಹೋಗಿ ಬಂದ ನಮ್ಮವರ ಲೆಕ್ಕ ಇದರ ತಿರುವು ಮುರುವು. ಅಲ್ಲಿ ಕುಡಿದ ಧೂಳಿನ ಫಲ ಇಲ್ಲಿ ಕಾಣಬಹುದು.

ಹೆಂಚು ಹೋಗಿ ಶೀಟು ಬಂತು

ನಮ್ಮ ಕರಾವಳಿಗೆ ಶೀಟು ತಡವಾಗಿ ಬಂದ ವಸ್ತು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಮನೆಮನೆಯ ಮಾಡಾಯಿತು. ಹೆಂಚು ಸುಟ್ಟ ಮಣ್ಣು. ಅದರಲ್ಲಿ ಈ ನಾರಿಲ್ಲ. ಆದರೆ ಹೆಂಚಿಗೆ ಮರದ ಪಕ್ಕಾಸು, ರೀಪು ಬೇಕು. ಮರ ದುಬಾರಿಯಾಯಿತು, ಕೈಯಾಡಿಸುವ ಆಳುಗಳೂ ಕಡಿಮೆಯಾದರು. ಶೀಟಾದರೆ ನಾಲ್ಕು ಕಬ್ಬಿಣದ ಪೈಪು ಸಾಕು, ಒಂದು ದಿನದ ಕೆಲಸ. ಬಡವರ ಮನೆ, ಕೋಳಿಗೂಡು, ಕಟ್ಟಿಗೆಯ ಶೆಡ್ಡು, ಕೆಲವು ಕಡೆ ಮದ್ರಸದ ಜಗಲಿ, ಎಲ್ಲಕ್ಕೂ ಅದೇ ಬಂತು.

ಇದು ಕರಾವಳಿಯ ಮಾತು ಮಾತ್ರ ಅಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಡಗಣ ಜಿಲ್ಲೆಗಳಿಗೆ ಹೋದವರು ಅಲ್ಲೂ ಇದನ್ನೇ ನೋಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗೆ ಅನಗವಾಡಿ ಎಂಬ ಊರಿದೆ. ಆ ಬಯಲುಸೀಮೆಯಲ್ಲಿ ಮೊದಲು ಮಣ್ಣಿನ ಮಾಳಿಗೆ ಮನೆಗಳು. ಮರದ ತೊಲೆಯ ಮೇಲೆ ಮಣ್ಣು ಹಾಸಿದ ಸಪಾಟು ಮಾಡು. ಈಗ ಅಲ್ಲೂ ಮಾಳಿಗೆ ಕಡಿಮೆಯಾಗಿ ಶೀಟು, ಪತ್ರಾಸು ಬಂದಿವೆ. ಆ ಜಿಲ್ಲೆಯವರಿಗೆ ಧೂಳಿನ ಕಷ್ಟ ಹೊಸತಲ್ಲ. ಇಳಕಲ್ಲಿನ ಗ್ರಾನೈಟು, ಸಿಮೆಂಟ್ ಕಾರ್ಖಾನೆಗಳು ಆ ಜಿಲ್ಲೆಯಲ್ಲೇ ಇವೆ. ಕಲ್ಲು ಕೊರೆಯುವವರಿಗೆ ಬರುವ ಸಿಲಿಕೋಸಿಸ್ ಎಂಬ ರೋಗ ಕೋಲಾರದ ಚಿನ್ನದ ಗಣಿಯ ಕಾಲದಿಂದಲೂ ನಮ್ಮ ರಾಜ್ಯಕ್ಕೆ ಗೊತ್ತು. ಕಲ್ಲಿನ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತದೆ. ಆಸ್ಬೆಸ್ಟಾಸಿನ ಎಳೆ ಅದನ್ನೂ ಮಾಡುತ್ತದೆ, ಪೊರೆಯ ಕ್ಯಾನ್ಸರನ್ನೂ ತರುತ್ತದೆ. ಧೂಳು ಯಾವುದು ಎಂದು ತಿಳಿದು ಹೇಳಿದರೆ ಮಾತ್ರ ವೈದ್ಯರಿಗೆ ದಾರಿ ಸಿಗುತ್ತದೆ.

ಜಗತ್ತಿನ 60ಕ್ಕೂ ಹೆಚ್ಚು ದೇಶಗಳು ಆಸ್ಬೆಸ್ಟಾಸನ್ನು ನಿಷೇಧಿಸಿವೆ. ಸೌದಿ ಅರೇಬಿಯಾ, ಕುವೈತ್, ತುರ್ಕಿ ಈ ಪಟ್ಟಿಯಲ್ಲಿವೆ. ಅಮೆರಿಕ 2024ರ ಮಾರ್ಚಿನಲ್ಲಿ ಬಿಳಿ ಆಸ್ಬೆಸ್ಟಾಸನ್ನೂ ನಿಷೇಧಿಸುವ ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ಕ್ಯಾನ್ಸರ್ ತರುವ ವಸ್ತು ಎಂದು ಮೊದಲ ಗುಂಪಿನಲ್ಲಿ ಇಟ್ಟಿದೆ. ನಮ್ಮ ದೇಶದಲ್ಲಿ ಹೊಸ ಗಣಿಗುತ್ತಿಗೆ ಕೊಡುವುದು 1986ರಿಂದ ನಿಂತಿದೆ. ಆದರೆ ಹೊರಗಿನಿಂದ ತರಿಸಿ ಶೀಟು ಮಾಡುವುದಕ್ಕೆ ಅಡ್ಡಿ ಇಲ್ಲ. ರಷ್ಯಾ, ಕಜಕಿಸ್ತಾನ, ಬ್ರೆಜಿಲ್ ಕಡೆಯಿಂದ ಬರುತ್ತದೆ. ಬ್ರೆಜಿಲ್ ತನ್ನ ದೇಶದೊಳಗೆ ಬಳಸುವುದನ್ನು 2017ರಲ್ಲೇ ನಿಲ್ಲಿಸಿದೆ ಎಂಬುದನ್ನೂ ಗಮನಿಸಬೇಕು. ಸಿಮೆಂಟಿನೊಳಗೆ ಎಳೆ ಗಟ್ಟಿಯಾಗಿ ಕೂತಿರುತ್ತದೆ, ಅಪಾಯವಿಲ್ಲ ಎಂಬುದು ಶೀಟು ಮಾಡುವವರ ವಾದ. ಒಡೆಯದೆ, ಕೊಯ್ಯದೆ, ಉಜ್ಜದೆ ಇದ್ದಷ್ಟು ದಿನ ಆ ಮಾತಿನಲ್ಲಿ ಹುರುಳಿದೆ. ಆದರೆ ನಮ್ಮ ಮಳೆಗೆ, ನಮ್ಮ ತೆಂಗಿನ ಮರದ ಕೆಳಗೆ, ಶೀಟು ಒಡೆಯದೆ ಎಷ್ಟು ವರ್ಷ ಉಳಿಯುತ್ತದೆ?

ಕ್ಷಯ ಎಂದುಕೊಂಡೇ ಕಳೆಯುವ ತಿಂಗಳುಗಳು

ಈ ರೋಗದ ಮೊದಲ ಲಕ್ಷಣ ಹೆಚ್ಚಾಗಿ ಉಬ್ಬಸ. ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ. ಎದೆಯ ಒಂದು ಬದಿಯಲ್ಲಿ ಭಾರ, ಆಮೇಲೆ ಬಿಡದ ನೋವು. ಒಣಕೆಮ್ಮು, ಊಟ ಸೇರದಿರುವುದು, ತೂಕ ಇಳಿಯುವುದು. ಎಕ್ಸ್‌ರೇ ತೆಗೆದರೆ ಒಂದು ಬದಿಗೆ ನೀರು ತುಂಬಿರುತ್ತದೆ.

ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಎಂದರೆ ವೈದ್ಯರು ಮೊದಲು ಕ್ಷಯವನ್ನು ಯೋಚಿಸುತ್ತಾರೆ. ಅದು ಸರಿಯೇ. ಹೆಚ್ಚಿನವರಿಗೆ ಕ್ಷಯವೇ ಆಗಿರುತ್ತದೆ, ಆರು ತಿಂಗಳ ಮಾತ್ರೆಗೆ ಗುಣವೂ ಆಗುತ್ತದೆ. ಕ್ಷಯದ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಆದರೆ ಕೆಲವು ಸಂದರ್ಭಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. ನೀರು ತೆಗೆದ ಕೆಲವೇ ವಾರಗಳಲ್ಲಿ ಮತ್ತೆ ತುಂಬಿದರೆ, ತೆಗೆದ ನೀರು ರಕ್ತದ ಬಣ್ಣದ್ದಾಗಿದ್ದರೆ, ಕಫದಲ್ಲೂ ನೀರಿನಲ್ಲೂ ಕ್ಷಯದ ಸೂಕ್ಷ್ಮಾಣು ಸಿಗದೆ ಹೋದರೆ, ಎರಡು ತಿಂಗಳು ಮಾತ್ರೆ ತಿಂದರೂ ನೋವು ಕಡಿಮೆಯಾಗದೆ ತೂಕ ಇಳಿಯುತ್ತಲೇ ಇದ್ದರೆ, "ಡಾಕ್ಟ್ರೇ, ಇದು ಬೇರೆ ಏನಾದರೂ ಇರಬಹುದಾ? ಇವರು ಹಿಂದೆ ಆಸ್ಬೆಸ್ಟಾಸ್ ಧೂಳಿನ ಕೆಲಸ ಮಾಡಿದ್ದರು" ಎಂದು ಮನೆಯವರು ಹೇಳಬೇಕು. ಈ ಒಂದು ವಾಕ್ಯ ತಿಂಗಳುಗಳನ್ನು ಉಳಿಸುತ್ತದೆ.

ಮುಂದಿನ ಹೆಜ್ಜೆ ಸಿ.ಟಿ. ಸ್ಕ್ಯಾನ್, ಆಮೇಲೆ ಬಯಾಪ್ಸಿ. ತೆಗೆದ ನೀರನ್ನು ಪರೀಕ್ಷಿಸಿದರೆ ಮಾತ್ರ ಈ ಕ್ಯಾನ್ಸರ್ ಹಲವು ಸಲ ಗೊತ್ತಾಗುವುದಿಲ್ಲ. ಎದೆಯ ಬದಿಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಪೊರೆಯನ್ನು ನೋಡಿ, ಅದರ ತುಂಡು ತೆಗೆಯುತ್ತಾರೆ. ಇದನ್ನು ಥೊರಾಕೊಸ್ಕೋಪಿ ಎನ್ನುತ್ತಾರೆ. ಆ ತುಂಡಿಗೆ ವಿಶೇಷ ಬಣ್ಣಗಳ ಪರೀಕ್ಷೆ ಮಾಡಿದ ಮೇಲೆಯೇ ಇದು ಮೀಸೊಥೆಲಿಯೋಮಾವೋ, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರೋ ಎಂದು ತಿಳಿಯುವುದು. "ಕತ್ತರಿ ತಾಗಿಸಿದ್ರೆ ಹರಡ್ತದೆ" ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಈ ರೋಗದಲ್ಲಿ ಕೆಲವೊಮ್ಮೆ ತೂತು ಮಾಡಿದ ಜಾಗದಲ್ಲಿ ಗಂಟು ಬರುವುದುಂಟು, ಅದು ವೈದ್ಯರಿಗೆ ಗೊತ್ತಿರುವ ವಿಷಯ, ಅದಕ್ಕೆ ಅವರಲ್ಲಿ ದಾರಿಯೂ ಇದೆ. ಆ ಹೆದರಿಕೆಗೆ ಬಯಾಪ್ಸಿ ಬೇಡ ಎಂದರೆ ರೋಗ ಯಾವುದೆಂದು ತಿಳಿಯದೆಯೇ ಔಷಧಿ ಕೊಡಬೇಕಾಗುತ್ತದೆ.

ಬಯಾಪ್ಸಿ ವರದಿಯಲ್ಲಿ ರೋಗದ ಬಗೆಯೂ ಬರೆದಿರುತ್ತದೆ. ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಎರಡೂ ಬೆರೆತದ್ದು ಎಂದು ಮೂರು ಬಗೆ. ಮೊದಲನೆಯದು ಹೆಚ್ಚು ಜನರಲ್ಲಿ ಕಾಣುವುದು, ಔಷಧಿಗೂ ಸ್ವಲ್ಪ ಚೆನ್ನಾಗಿ ಬಗ್ಗುತ್ತದೆ. ಎರಡನೆಯದು ಕಠಿಣ.

ಔಷಧಿಯಿಂದ ಎಷ್ಟು?

ಇಲ್ಲಿ ನೇರವಾಗಿ ಹೇಳಬೇಕು. ಇದು ಪೂರ್ತಿ ಗುಣವಾಗುವ ಕ್ಯಾನ್ಸರುಗಳ ಸಾಲಿನಲ್ಲಿ ಇಲ್ಲ. ರೋಗ ಗೊತ್ತಾದ ಮೇಲೆ ಹೆಚ್ಚಿನವರು ಒಂದು ಒಂದೂವರೆ ವರ್ಷ ಬದುಕುತ್ತಾರೆ. ಕೆಲವರು ಇನ್ನೂ ಹೆಚ್ಚು ವರ್ಷ ಬದುಕುವುದುಂಟು.

2003ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಸಿಸ್‌ಪ್ಲಾಟಿನ್ ಒಂದನ್ನೇ ಕೊಟ್ಟವರು ಸರಾಸರಿ 9 ತಿಂಗಳು, ಅದರ ಜೊತೆ ಪೆಮೆಟ್ರೆಕ್ಸೆಡ್ ಸೇರಿಸಿ ಕೊಟ್ಟವರು 12 ತಿಂಗಳು ಬದುಕಿದರು. ಅಂದಿನಿಂದ ಈ ಜೋಡಿಯೇ ಮುಖ್ಯ ಔಷಧಿ. 2021ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ನಿವೊಲುಮಾಬ್, ಇಪಿಲಿಮುಮಾಬ್ ಎಂಬ ಎರಡು ಔಷಧಿ ಪಡೆದವರು 18 ತಿಂಗಳು, ಕೀಮೊ ಪಡೆದವರು 14 ತಿಂಗಳು ಬದುಕಿದರು. ಆದರೆ ಈ ಔಷಧಿ ನಮ್ಮಂಥವರ ಕೈಗೆ ನಿಲುಕದಷ್ಟು ದುಬಾರಿ. ಮನೆ ಮಾರಿ, ಸಾಲ ಮಾಡಿ ತರುವ ಮೊದಲು ಅದರಿಂದ ಸಿಗುವುದು ಎಷ್ಟು ಎಂದು ವೈದ್ಯರನ್ನು ಕೂರಿಸಿ ಕೇಳುವುದರಲ್ಲಿ ತಪ್ಪಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಹಾಗೇ. ಬ್ರಿಟನ್ನಿನ ಮಾರ್ಸ್-2 ಎಂಬ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಪೊರೆಯನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಿಂತ ಬರೀ ಕೀಮೊ ಪಡೆದವರೇ ಮೇಲಾಗಿದ್ದರು.

ಆದರೆ ಆರಾಮ ಕೊಡುವ ಚಿಕಿತ್ಸೆ ನಿಜವಾಗಿ ಫಲ ಕೊಡುತ್ತದೆ. ನೀರು ಮತ್ತೆ ಮತ್ತೆ ತುಂಬದ ಹಾಗೆ ಎದೆಯೊಳಗೆ ಔಷಧಿಯ ಪುಡಿ ಹಾಕಿ ಪೊರೆಗಳನ್ನು ಅಂಟಿಸುತ್ತಾರೆ. ಮನೆಯಲ್ಲೇ ನೀರು ತೆಗೆಯಲು ಸಣ್ಣ ನಳಿಕೆ ಇಡುತ್ತಾರೆ. ನೋವಿಗೆ ಮಾರ್ಫಿನ್ ಇದೆ. ಮಾರ್ಫಿನ್ ಎಂದರೆ ಚಟ ಹಿಡಿಯುತ್ತದೆ, ಕೊನೆಗಾಲ ಬಂತು ಎಂದೆಲ್ಲ ಹೆದರಿ ನೋವಿನಲ್ಲೇ ಇಡುವುದು ರೋಗಿಗೆ ಮಾಡುವ ಅನ್ಯಾಯ. ವೈದ್ಯರ ಲೆಕ್ಕದಲ್ಲಿ ಕೊಟ್ಟರೆ ಅದು ನಿದ್ದೆ, ಊಟ, ನಾಲ್ಕು ಮಾತು ಆಡುವ ಶಕ್ತಿ ಕೊಡುತ್ತದೆ.

ಎಲ್ಲಿ ಹೋಗುವುದು, ಯಾರು ಕೊಡುವುದು?

ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಶ್ವಾಸಕೋಶದ ತಜ್ಞರೂ ಕ್ಯಾನ್ಸರ್ ತಜ್ಞರೂ ಇದ್ದಾರೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಸರಕಾರದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಅನಗವಾಡಿ, ಬೀಳಗಿ ಕಡೆಯವರಿಗೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಹಿಡಿದುಕೊಂಡೇ ಹೋಗಬೇಕು.

ಕಾರ್ಖಾನೆಯಲ್ಲಿ ಆಸ್ಬೆಸ್ಟಾಸಿನ ಜೊತೆ ದುಡಿದವರಿಗೆ ಕಾನೂನಿನ ಬೆಂಬಲವೂ ಇದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ದುಡಿಯುವವರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಲ್ಲಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಆದರೆ ಇದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಗುಜರಿಯಲ್ಲಿ ಹಳೇ ಬಾಯ್ಲರ್ ಬಿಚ್ಚಿದವನ, ದಿನಗೂಲಿಗೆ ಶೀಟು ಕೊಯ್ದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವರ ದಾಖಲೆ ಮನೆಯವರೇ ಇಡಬೇಕು.

ಶೀಟು ಇದ್ದವರು ಏನು ಮಾಡಬೇಕು?

ಮೊದಲನೆಯದು, ಗಾಬರಿ ಬೇಡ. ತಲೆಯ ಮೇಲೆ ಗಟ್ಟಿಯಾಗಿ ಕೂತ ಶೀಟನ್ನು ಇವತ್ತೇ ಕಿತ್ತು ಹಾಕಬೇಕಾಗಿಲ್ಲ. ಹಾಗೆ ಅವಸರದಲ್ಲಿ ಒಡೆದರೆ ಧೂಳು ಇನ್ನೂ ಹೆಚ್ಚು. ಕಬ್ಬಿಣದ ತಗಡು, ಜಿಂಕ್ ಶೀಟಿನಲ್ಲಿ ಈ ನಾರಿಲ್ಲ, ಅದರ ಬಗ್ಗೆ ಚಿಂತೆ ಬೇಡ.

ಸಿಮೆಂಟ್ ಶೀಟನ್ನು ಒಣಗಿದಾಗ ಬ್ರಷ್ಷಿನಲ್ಲಿ ಉಜ್ಜಬೇಡಿ, ಪ್ರೆಶರ್ ಪಂಪಿನಲ್ಲಿ ತೊಳೆಯಬೇಡಿ. ಮೆಷಿನ್ನಿನಲ್ಲಿ ಕೊಯ್ಯಬೇಡಿ. ತೆಗೆಯಲೇಬೇಕಾದರೆ ಚೆನ್ನಾಗಿ ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಿ. ಮುಖಕ್ಕೆ ಬೈರಾಸು ಕಟ್ಟಿದರೆ ಈ ಎಳೆ ನಿಲ್ಲುವುದಿಲ್ಲ, ಧೂಳು ಸೋಸುವ ಒಳ್ಳೆಯ ಮಾಸ್ಕು ಬೇಕು. ಆ ಹೊತ್ತಿಗೆ ಮಕ್ಕಳನ್ನು ದೂರ ಕಳಿಸಿ. ಬಿದ್ದ ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕಿನಲ್ಲಿ ಕಟ್ಟಿ ಎಸೆಯಿರಿ. ಒಡೆದ ತುಂಡುಗಳನ್ನು ದಾರಿಯ ಹೊಂಡಕ್ಕೆ ತುಂಬಿಸುವುದು, ತೋಟಕ್ಕೆ ಎಸೆಯುವುದು ಬೇಡ. ದಪ್ಪ ಪ್ಲಾಸ್ಟಿಕಿನಲ್ಲಿ ಸುತ್ತಿ, ಪಂಚಾಯತನ್ನು ಕೇಳಿ ಹಾಕಿಸಿ.

ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ತೆಗೆಯುವ ರೂಢಿ ಇದೆ. ಅದನ್ನು ನೀರು ಚಿಮುಕಿಸಿ ಒರೆಸಿ ತೆಗೆಯಬೇಕು. ಗುಜರಿಗೆ ಬಂದ ಬಾಯ್ಲರ್, ಹಳೇ ಪೈಪುಗಳ ಮೇಲಿನ ಬಿಳಿ ಹೊದಿಕೆಯನ್ನು ಹುಡುಗರ ಕೈಯಲ್ಲಿ ಕೆರೆಸಬೇಡಿ. ಜಮಾಅತಿನವರು ಮದ್ರಸಕ್ಕೋ ಬಡವರ ಮನೆಗೋ ಮಾಡು ಹಾಕಿಸುವಾಗ ಹೆಂಚೋ ತಗಡೋ ಆಸ್ಬೆಸ್ಟಾಸ್ ಇಲ್ಲದ ಶೀಟೋ ಎಂದು ಒಂದು ಸಲ ಕೇಳಿ ನೋಡಿದರೆ ಒಳ್ಳೆಯದು. ದಾನದ ಹಣದಲ್ಲಿ ಹಾಕುವ ಮಾಡು ಮೂವತ್ತು ವರ್ಷ ಅಲ್ಲೇ ಇರುತ್ತದೆ.

ಒಂದು ಚೀಟಿ ಬರೆದಿಡಿ

ಕೊನೆಗೆ ಪ್ರತಿ ಮನೆಯೂ ಈ ವಾರವೇ ಮಾಡಬಹುದಾದ ಒಂದು ಕೆಲಸ ಇದೆ. ಮನೆಯಲ್ಲಿ ಐವತ್ತು ದಾಟಿದವರನ್ನು ಕೂರಿಸಿ ಅವರು ಮಾಡಿದ ಕೆಲಸಗಳನ್ನೆಲ್ಲ ಬರೆಯಿರಿ. ಯಾವ ವರ್ಷದಿಂದ ಯಾವ ವರ್ಷ, ಯಾವ ಊರು, ಯಾವ ದೇಶ, ಏನು ಕೆಲಸ, ಧೂಳು ಇತ್ತೋ ಇಲ್ಲವೋ. ಹಳೇ ವೀಸಾದ ಪುಟ, ಕಂಪೆನಿಯ ಗುರುತಿನ ಚೀಟಿ ಇದ್ದರೆ ಅದರ ಜೊತೆ ಇಡಿ. ಹೆಂಗಸರದ್ದೂ ಬರೆಯಿರಿ. ಯಾರ ಬಟ್ಟೆ ಒಗೆದರು, ಮನೆ ಯಾವ ಕಾರ್ಖಾನೆಯ ಹತ್ತಿರ ಇತ್ತು, ಬೀಡಿ ಕಟ್ಟಿದರೋ, ಕಟ್ಟಿಗೆಯ ಒಲೆಯ ಮುಂದೆ ಎಷ್ಟು ವರ್ಷ ಕೂತರೋ. ಇದೆಲ್ಲ ಎದೆಯ ರೋಗದ ವೈದ್ಯರಿಗೆ ಬೇಕಾದ ಮಾಹಿತಿ.

ಆ ಚೀಟಿಯನ್ನು ಆರೋಗ್ಯ ಕಾರ್ಡಿನ ಜೊತೆ ಮಡಚಿಡಿ. ಉಬ್ಬಸ ಎಂದು ಆಸ್ಪತ್ರೆಗೆ ಹೋದ ದಿನ ಅದನ್ನು ವೈದ್ಯರ ಮೇಜಿನ ಮೇಲಿಡಿ. ಹೆಚ್ಚಿನವರಿಗೆ ಅದರಿಂದ ಏನೂ ಹೊರಬೀಳಲಿಕ್ಕಿಲ್ಲ, ಹಾಗೇ ಆಗಲಿ. ಯಾರೋ ಒಬ್ಬರಿಗೆ ಸರಿಯಾದ ಪರೀಕ್ಷೆ ನಾಲ್ಕು ತಿಂಗಳು ಮೊದಲೇ ಆಗಬಹುದು. ಒಂದೂವರೆ ವರ್ಷದ ಲೆಕ್ಕದಲ್ಲಿ ನಾಲ್ಕು ತಿಂಗಳು ಸಣ್ಣದಲ್ಲ.